ನಿಕಲ್ ಜಾಲರಿ ಒಣಗುವ ಮೊದಲು

ಬ್ಯಾಡಗಿಯಿಂದ ಹಾವೇರಿಯ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಓಡಾಡುತ್ತ, ಹುಡುಗರಿಗೆ ಪಾಠ ಹೇಳಿ ಮುಗಿದ ಮೇಲೆ ನನ್ನ ಪಿಎಚ್.ಡಿ. ಪ್ರಯೋಗ ಮಾಡುತ್ತಿದ್ದೆ. ನೀರಿಗೆ ವಿದ್ಯುತ್ ಹಾಯಿಸಿ ಹೈಡ್ರೋಜನ್ ತೆಗೆಯುವ ಕೆಲಸ. ಅದು ಚುರುಕಾಗಿ ಆಗಬೇಕಾದರೆ ಪ್ಲಾಟಿನಂನಂಥ ಲೋಹ ಬೇಕು. ನಮ್ಮ ಕೈಗೆಟುಕುವ ಮಾತಲ್ಲ. ಬದಲಿಗೆ ನಿಕಲ್ ಜಾಲರಿಯ ಮೇಲೆ ನಿಕಲ್, ಕಬ್ಬಿಣ ಸೇರಿದ ತೆಳು ಲೇಪ ಕೂರಿಸುತ್ತಿದ್ದೆ. ಮೊದಲ ದಿನ ಗುಳ್ಳೆಗಳು ಪುಟಿಯುತ್ತಿದ್ದವು. ವಾರ ಕಳೆಯುವಷ್ಟರಲ್ಲಿ ಲೇಪ ಹಕ್ಕಳೆಯೆದ್ದು ಪಾತ್ರೆಯ ತಳ ಸೇರುತ್ತಿತ್ತು. ಹೀಗೇ ಎರಡು ವರ್ಷ ಹೋಯಿತು.

ರಾಣೆಬೆನ್ನೂರಿನಲ್ಲಿ ಗಾಡಿಗಳ ಬಿಡಿಭಾಗಗಳಿಗೆ ನಿಕಲ್ ಪ್ಲೇಟಿಂಗ್ ಮಾಡುವ ವಯಸ್ಸಾದ ಚಾಚಾ ಒಬ್ಬರಿದ್ದಾರೆಂದು ಯಾರೋ ಹೇಳಿದರು. ಜಾಲರಿಯನ್ನು ಕಾಗದದಲ್ಲಿ ಸುತ್ತಿಕೊಂಡು ಹೋದೆ. ಚಾಚಾ ಅದನ್ನು ಬೆಳಕಿಗೆ ಹಿಡಿದು ನೋಡಿ, ಆಸಿಡ್‌ನಲ್ಲಿ ತೊಳೆದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದರು. ಒಣಗಿಸಿ, ತೂಗಿ, ಮರುದಿನ ಲೇಪ ಕೊಡುತ್ತೇನೆ ಎಂದೆ.

“ಅಲ್ಲೇ ಕೆಡಾಕತ್ತೈತ್ರಿ ಮೇಡಂ,” ಎಂದರು. “ನಿಕಲ್ ಒಣಗಾಕ ಬಿಡಬಾರ್ದು. ಗಾಳಿ ತಾಕಿದ್ರ ಮ್ಯಾಲೊಂದು ಪದರ ಕುಂದರ್ತೈತಿ, ಆಮ್ಯಾಲೆ ಅದು ಯಾವ್ದನ್ನೂ ಹತ್ತಿಸ್ಕೊಳ್ಳೂದಿಲ್ಲ. ಹಸಿ ಇದ್ದಾಗ ಅದ್ದಿಬಿಡ್ರಿ.”

ಪುಸ್ತಕದಲ್ಲಿ ಓದಿದ್ದ ವಿಷಯವೇ. ತೂಕ ಕರಾರುವಾಕ್ಕಾಗಿರಬೇಕೆಂಬ ಹಟದಲ್ಲಿ ಮರೆತಿದ್ದೆ. ಅವರು ಹೇಳಿದಂತೆ ಮಾಡಿದೆ. ವಾರ ಕಳೆಯಿತು, ತಿಂಗಳು ದಾಟಿತು, ಲೇಪ ಕದಲಲಿಲ್ಲ.

ಫೋನಿನಲ್ಲಿ ಸುದ್ದಿ ಕೇಳಿ ಚಾಚಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹಾವೇರಿಗೆ ಬಂದೇಬಿಟ್ಟರು. ಗಾಜಿನ ಪಾತ್ರೆಯ ಮುಂದೆ ಸ್ಟೂಲ್ ಹಾಕಿಕೊಟ್ಟೆ. ಜಾಲರಿಯಿಂದ ಏಳುವ ಗುಳ್ಳೆಗಳನ್ನು ಬಗ್ಗಿ ನೋಡುತ್ತ ಕೂತರು. ಹೈಸ್ಕೂಲಿನ ಮಾಸ್ತರರು ಇದೇ ಪ್ರಯೋಗವನ್ನು ಒಮ್ಮೆ ತೋರಿಸಿದ್ದರಂತೆ. ಕಾಲೇಜು ಸೇರುವ ಹೊತ್ತಿಗೆ ತಂದೆ ತೀರಿಕೊಂಡು, ಅಂಗಡಿ ಇವರ ಹೆಗಲಿಗೆ ಬಿತ್ತಂತೆ.

“ಕೆಮಿಸ್ಟ್ರಿ ಓದಬೇಕಂತ ಭಾಳ ಆಸೆ ಇತ್ರಿ,” ಎಂದಷ್ಟೇ ಹೇಳಿ ಕನ್ನಡಕ ಒರೆಸಿಕೊಂಡರು.

ಅಂದಿನಿಂದ ತಿಂಗಳಿಗೊಮ್ಮೆ ಬರತೊಡಗಿದರು. ಕರಿಹಲಗೆಯ ಮೇಲೆ ಬರೆದು ವಿವರಿಸುತ್ತಿದ್ದೆ. ನನ್ನ ಗೈಡ್ ಎಂದೂ ಕೇಳದ ಪ್ರಶ್ನೆಗಳನ್ನು ಅವರು ಕೇಳುತ್ತಿದ್ದರು. ಉತ್ತರ ತಿಳಿಯದಿದ್ದರೆ ಮುಂದಿನ ಭೇಟಿಯೊಳಗೆ ಹುಡುಕಿಡುತ್ತಿದ್ದೆ. ನನ್ನ ಓದಿನ ಬದುಕಿನಲ್ಲಿ ಅಷ್ಟು ಸುಖದ ದಿನಗಳು ಮತ್ತೆ ಬರಲಿಲ್ಲ.

ಕಳೆದ ಮಳೆಗಾಲದಲ್ಲಿ ಎರಡು ತಿಂಗಳು ಅವರು ಬರಲಿಲ್ಲ. ಹುಡುಕಿಕೊಂಡು ಹೋದಾಗ ಅಂಗಡಿಯಲ್ಲಿ ಮೊಬೈಲ್ ರಿಪೇರಿ ನಡೆದಿತ್ತು. ಚಾಚಾ ಕಣ್ಣು ಮಂಜಾಗಿ ಮಗಳ ಮನೆಗೆ ಹೋದರು ಎಂದು ಅಲ್ಲಿದ್ದವರು ಹೇಳಿದರು. ಯಾವ ಊರೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಫೋನ್ ಹತ್ತಲಿಲ್ಲ.

ನನ್ನ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಮೊದಲ ಹೆಸರು ಅವರದೇ. ಅವರಿಗೆಂದು ಒಂದು ಪ್ರತಿ ಹೆಚ್ಚಿಗೆ ಹಾಕಿಸಿದ್ದೇನೆ. ರಾಣೆಬೆನ್ನೂರಿಗೆ ಹೋದಾಗಲೆಲ್ಲ ಅದು ನನ್ನ ಚೀಲದಲ್ಲಿರುತ್ತದೆ.