ಬಲಕ್ಕೆ ಇಳಿದ ಹೆಗಲು

ಮದುವೆಯಾಗಿ ಮೈಸೂರಿನಿಂದ ನವಿ ಮುಂಬಯಿಯ ಐರೋಲಿಗೆ ಬಂದ ನಳಿನಿ, ತಮ್ಮ ಹೌಸಿಂಗ್ ಸೊಸೈಟಿಯ ಹಾಲ್‌ನಲ್ಲಿ ಮಕ್ಕಳಿಗೆ ಭರತನಾಟ್ಯ ಕಲಿಸುತ್ತಿದ್ದರು. ಮಕ್ಕಳಿಗೆ ಬೆನ್ನು ತಿರುಗಿಸಿ ಮುಂದೆ ನಿಂತು, ತಾವೇ ಮಾಡಿ ತೋರಿಸುವುದು ಅವರ ಪದ್ಧತಿ.

೨೦೦೯ರ ಮಳೆಗಾಲದಲ್ಲಿ ಠಾಣೆ ಸ್ಟೇಷನ್ನಿನ ಒದ್ದೆ ಮೆಟ್ಟಿಲಲ್ಲಿ ಜಾರಿ, ಸೊಂಟ ಬಡಿಯುವಂತೆ ಬಿದ್ದರು. ಡಿಸ್ಕ್ ಸರಿದು ನರ ಒತ್ತುತ್ತಿದೆ ಎಂದರು ಡಾಕ್ಟರು. ಕೂತು ಉಣ್ಣಲಾಗುತ್ತಿರಲಿಲ್ಲ, ಬಗ್ಗಿ ತಲೆ ತೊಳೆಯಲಾಗುತ್ತಿರಲಿಲ್ಲ. ಗಂಡ ಸತ್ಯನಾರಾಯಣ ಬೆಳಿಗ್ಗೆ ಅವರ ಚಪ್ಪಲಿಯ ಪಟ್ಟಿ ಹಾಕಿಕೊಟ್ಟು ಮಹಾಪೆಯ ಆಫೀಸಿಗೆ ಹೋಗುತ್ತಿದ್ದರು. ನೋವು ಸ್ವಲ್ಪ ತಗ್ಗಿದ್ದೇ ತಡ, ನಳಿನಿ ಹಟ ಹಿಡಿದು ಕ್ಲಾಸಿಗೆ ಮರಳಿದರು.

ಜನವರಿಯಲ್ಲಿ ಕನ್ನಡ ಸಂಘದ ಕಾರ್ಯಕ್ರಮವಾಯಿತು. ಅದರ ವಿಡಿಯೋ ಮನೆಗೆ ಬಂದಾಗ ಗಂಡ ಹೆಂಡತಿ ಜೊತೆಗೆ ಕೂತು ನೋಡಿದರು. ಹುಡುಗಿಯರು ಮಂಡಿ ಬಗ್ಗಿಸಿ ಅರೆಮಂಡಿಗೆ ಇಳಿದರು. ತಾಳ ತಪ್ಪಿರಲಿಲ್ಲ. ಆದರೆ ಎಲ್ಲರ ಸೊಂಟವೂ ಎಡಕ್ಕೆ ಸರಿದಿತ್ತು, ಬಲಹೆಗಲು ಇಳಿದಿತ್ತು.

"ಯಾಕ್ರೀ ಎಲ್ಲಾರೂ ಹೀಗೆ ನಿಂತಿದಾರೆ?"

ಸತ್ಯನಾರಾಯಣ ಹೇಳಿದರು: "ಬಿದ್ದಾಗಿನಿಂದ ನೀನು ನಿಲ್ಲೋದೇ ಹಾಗಲ್ವಾ, ನಳಿನಿ."

ನಳಿನಿ ಎದ್ದುಹೋಗಿ ಕನ್ನಡಿಯ ಮುಂದೆ ನಿಂತರು. ಮೈಗೆ ನೆಟ್ಟಗೆ ನಿಂತಂತೆಯೇ ಅನ್ನಿಸುತ್ತಿತ್ತು. ಕನ್ನಡಿಯೊಳಗಿನ ಹೆಂಗಸು ವಾಲಿದ್ದಳು.

ಮರುವಾರದಿಂದ ಅವರು ಕುರ್ಚಿಯಲ್ಲಿ ಕೂತೇ ಕಲಿಸಿದರು. ಒಬ್ಬೊಬ್ಬಳ ಹೆಗಲನ್ನೂ ಕೈಯಿಂದ ಎತ್ತಿ ತಿದ್ದಿದರು. ಫಿಸಿಯೋಥೆರಪಿ ಮಾಡಿಸಿಕೊಂಡರು, ನಿಧಾನಕ್ಕೆ ನೋವು ಹೋಯಿತು, ಮಕ್ಕಳೂ ಸರಿಹೋದರು. ಆಶ್ರಿತಾ ಒಬ್ಬಳ ಹೆಗಲು ಮಾತ್ರ ಏಳಲಿಲ್ಲ. ಟೀಚರನ್ನು ಎವೆಯಿಕ್ಕದೆ ನೋಡಿ ಕಲಿಯುತ್ತಿದ್ದ ಮಗು ಅದು. ಅವಳ ಮೂಳೆಯಲ್ಲಿ ದೋಷವಿಲ್ಲ ಎಂದಿದ್ದರಂತೆ ಡಾಕ್ಟರು. ಆ ವರ್ಷವೇ ಅವಳ ಮನೆಯವರು ಠಾಣೆಯ ಘೋಡಬಂದರ್ ರಸ್ತೆಗೆ ಮನೆ ಬದಲಿಸಿದರು. ಆಮೇಲೂ ಸಾಲಿನ ಕೊನೆಯಲ್ಲಿ ಅವಳು ನಿಲ್ಲುತ್ತಿದ್ದ ಖಾಲಿ ಜಾಗದತ್ತ ನೋಡಲು ನಳಿನಿಗೆ ಧೈರ್ಯವಾಗುತ್ತಿರಲಿಲ್ಲ.

೨೦೧೭ರ ಒಂದು ಸಂಜೆ ಠಾಣೆ ಪ್ಲಾಟ್‌ಫಾರ್ಮಿನ ಗರ್ದಿಯಲ್ಲಿ ಕಾಲೇಜು ಹುಡುಗಿಯೊಬ್ಬಳ ಬೆನ್ನು ಕಂಡಿತು. ಮುಖ ನೋಡಬೇಕಿರಲಿಲ್ಲ.

"ಆಶ್ರಿತಾ, ನೋವಿದೆಯೇನಮ್ಮಾ?"

ಅವಳು ತಿರುಗಿ ನಕ್ಕಳು. "ನಹೀ ಟೀಚರ್, ದರ್ದ್ ತೋ ಕಭೀ ಥಾ ಹೀ ನಹೀ. ಆಪ್ ಕೈಸೀ ಹೈ?"

ನೋವು ಎಂದೂ ಇರಲೇ ಇಲ್ಲವಂತೆ; ಟೀಚರು ಹೇಗಿದ್ದಾರೆಂದು ಕೇಳುತ್ತಿದ್ದಳು. ಚೆನ್ನಾಗಿದ್ದೀನಿ ಎಂದರು ನಳಿನಿ. ಆಶ್ರಿತಾ ಗೆಳತಿಯರೊಂದಿಗೆ ಹೊರಟುಹೋದಳು.

ರೈಲು ಹತ್ತಿ ಹಿಡಿಕೆ ಹಿಡಿದು ನಿಂತಾಗ, ತಮ್ಮ ಬಲಹೆಗಲು ಎಲ್ಲಿದೆಯೆಂಬುದೇ ನಳಿನಿಗೆ ತಿಳಿಯಲಿಲ್ಲ. ನಾನು ನೆಟ್ಟಗೆ ನಿಂತಿದ್ದೀನಾ ಎಂದು ಪಕ್ಕದ ಹೆಂಗಸನ್ನು ಮರಾಠಿಯಲ್ಲಿ ಕೇಳಿದರು. ಗಲಾಟೆಯಲ್ಲಿ ಆಕೆಗೆ ಏನು ಕೇಳಿಸಿತೋ, ಒಂದಿಷ್ಟು ಜರುಗಿ ಜಾಗ ಬಿಟ್ಟಳು.