ಮೆಮರಿ ಗುರುಪಾದಪ್ಪ

ಬನಹಟ್ಟಿಯಲ್ಲಿ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಬೇಕಾದವರು ಗುರುಪಾದಪ್ಪನ ಬಾಯಿಂದ ಕಾರ್ಡಿನೊಳಗಿನ ಮೆಮರಿ ಚಿಪ್ಪುಗಳ ಪುರಾಣ ಕೇಳಲೇಬೇಕು. ಇಪ್ಪತ್ತು ವರ್ಷ ನೇಯ್ದ ಕೈಮಗ್ಗವನ್ನು ತಾನೇ ಕಿತ್ತುಹಾಕಿ ಆ ಕೋಣೆಯಲ್ಲೇ ಅಂಗಡಿ ಇಟ್ಟವನು. ನೇಯುವಾಗ ತುಳಿಮಣೆ ತುಳಿಯಲು ಕಾಲಿಡುತ್ತಿದ್ದ ಮಗ್ಗದ ಕುಣಿಯನ್ನು ಮಾತ್ರ ಮುಚ್ಚದೆ ಅದರಲ್ಲೇ ಕಾಲು ಇಳಿಬಿಟ್ಟು ಕೂರುತ್ತಾನೆ. "ಡಿಡಿಆರ್ ತ್ರೀ ಅಂದ್ರ ಕೈಮಗ್ಗ ರೀ, ಯಾರೂ ಕೇಳಂಗಿಲ್ಲ. ಜಿಡಿಡಿಆರ್ ಸಿಕ್ಸ್ ಪಾವರ್‌ಲೂಮು, ಲಾಳಿ ಓಡೂದು ಕಣ್ಣಿಗಿ ಕಾಣಂಗಿಲ್ಲ. ಎಚ್‌ಬಿಎಂದು ಬಟ್ಟಿ ಪನ್ನಾ ಅಗಲ, ಒಂದ ಸಲಕ್ಕ ಹತ್ತ ಸೀರಿ!" ಕೊನೆಗೆ ದನಿ ತಗ್ಗಿಸಿ ಅದೇ ಮಾತು: "ಯಾವುದ ತೊಗೊಂಡ್ರೂ ಅಷ್ಟ ರೀ. ಕರೆಂಟ್ ಹೋತಂದ್ರ ಒಂದ ಎಳಿ ನೆನಪ ಉಳಿಯಂಗಿಲ್ಲ." ಮೊನ್ನೆ ಹಾಗೆನ್ನುತ್ತಿರುವಾಗಲೇ ಕರೆಂಟ್ ಹೋಯಿತು. ಫ್ಯಾನು, ಪರದೆ, ಅವನ ಮಾತು ಎಲ್ಲ ನಿಂತವು. ಕುಣಿಯೊಳಗೆ ಅವನ ಕಾಲುಗಳು ಮಾತ್ರ, ಅಲ್ಲಿಲ್ಲದ ತುಳಿಮಣೆಗಳನ್ನು ಒಂದಾದ ಮೇಲೊಂದು ತುಳಿಯುತ್ತಲೇ ಇದ್ದವು.