ಅತ್ತೆ ತಿದ್ದದೇ ಬಿಟ್ಟ ಮಾತು

ಫೋನು ಬಂದಾಗ ನಾನು ಹಿತ್ತಲಿನಲ್ಲಿ ಕುಳಿತು ತೆಂಗಿನ ಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದೆ. ಮನೆಯ ಪೊರಕೆ ಸವೆದು ಮೋಟಾಗಿತ್ತು, ಕೊಟ್ಟಿಗೆ ಗುಡಿಸಿದರೆ ಕಸವೆಲ್ಲ ಅಲ್ಲೇ ಉಳಿಯುತ್ತಿತ್ತು. ಪೊರಕೆ ಕಟ್ಟುವುದು ನಮ್ಮತ್ತೆಯ ಕೆಲಸ. ಅವರು ತಿಪಟೂರಿನ ಆಸ್ಪತ್ರೆ ಸೇರಿ ಅವತ್ತಿಗೆ ಇಪ್ಪತ್ತೆರಡು ದಿನ. ಲಕ್ವ ಹೊಡೆದು ಬಲಗಡೆಯ ಕೈಕಾಲು ಬಿದ್ದುಹೋಗಿತ್ತು, ಮಾತು ನಿಂತಿತ್ತು. ಕಾಲು ನಿಧಾನಕ್ಕೆ ಬರಬಹುದು, ಮಾತಿನ ವಿಷಯ ಈಗಲೇ ಹೇಳಲಾಗದು ಎಂದಿದ್ದರು ಡಾಕ್ಟರು. ಅಲ್ಲಿ ಅವರ ಜೊತೆಗಿದ್ದವರು ನಮ್ಮ ಯಜಮಾನರು. ನಾನು ದಿನ ಬಿಟ್ಟು ದಿನ ತುರುವೇಕೆರೆಯಲ್ಲಿ ಬಸ್ಸು ಬದಲಿಸಿ ಗಂಜಿ ಒಯ್ಯುತ್ತಿದ್ದೆ. ವಾಪಸ್ಸು ಬಂದರೆ ಹಸುಗಳು ಕಾಯುತ್ತಿರುತ್ತಿದ್ದವು.

"ಅವ್ವಂಗೆ ಮಾತು ಬಂತು ಕಣೇ," ಅಂದರು ಯಜಮಾನರು.

"ಏನಂದ್ರು? ಯಾರ ಹತ್ರ ಅಂದ್ರು?"

"ಇರು, ಡಾಕ್ಟ್ರು ಬಂದ್ರು. ಆಮೇಲೆ ಮಾಡ್ತೀನಿ."

ಫೋನನ್ನು ಮಡಿಲಲ್ಲಿಟ್ಟುಕೊಂಡು ದೇವರ ಕೋಣೆಯ ಕಡೆ ಕೈ ಮುಗಿದೆ. ಎದ್ದು ಒಳಗೆ ಹೋಗಿ ದೀಪ ಹಚ್ಚಬೇಕಿತ್ತು. ಏಳಲು ಆಗಲಿಲ್ಲ. ಸಂತೋಷಪಡುವುದಕ್ಕೂ ಮೈಯಲ್ಲಿ ಒಂದಿಷ್ಟು ಶಕ್ತಿ ಬೇಕು ಎನ್ನುವುದು ಅವತ್ತು ತಿಳಿಯಿತು.

ಅತ್ತೆಗೆ ಪ್ರತಿ ಮಾತೂ ಎಲ್ಲಿ ಹುಟ್ಟಿತು ಅನ್ನುವುದು ಗೊತ್ತಿತ್ತು, ಇಲ್ಲವೇ ಗೊತ್ತಿದೆ ಎಂದುಕೊಂಡಿದ್ದರು. ನನ್ನ ತವರು ಚಿಕ್ಕನಾಯಕನಹಳ್ಳಿ ಕಡೆ. ಅಲ್ಲೂ ದೀಪ ಆರಿಸು ಅನ್ನುತ್ತಿರಲಿಲ್ಲ, ದೊಡ್ಡದು ಮಾಡು ಅನ್ನುತ್ತಿದ್ದರು. ಯಾಕೆ ಅಂತ ಯಾರೂ ಹೇಳಿರಲಿಲ್ಲ. ಹೇಳಿದ್ದು ಅತ್ತೆ. ಅವರ ಅಜ್ಜಿಯ ಕಾಲದಲ್ಲಿ ಒಲೆ ಆರಿದರೆ ಕರಟ ಹಿಡಿದುಕೊಂಡು ಪಕ್ಕದ ಮನೆಗೆ ಕೆಂಡಕ್ಕೆ ಹೋಗಬೇಕಿತ್ತಂತೆ. ಕೊಡುವವರು ಮುಖ ಸಿಂಡರಿಸಿಕೊಂಡೇ ಕೊಡುತ್ತಿದ್ದರಂತೆ. "ಹಂಗಿದ್ದಾಗ ಆರ್ಸು ಅನ್ನೋಕೆ ಯಾರಿಗ್ ಬಾಯ್ ಬತ್ತದೆ ಹೇಳು?" ಅಂದಿದ್ದರು. ಹೊತ್ತು ಮುಳುಗಿದ ಮೇಲೆ ತೋಟದಲ್ಲಿ ಹಾವು ಅನ್ನಬಾರದು, ಹುಳ ಅನ್ನಬೇಕು. ಹೆಸರು ಹಿಡಿದರೆ ಕರೆದರು ಅಂತ ಅದು ಬರುತ್ತದೆ. ಅಟ್ಟದ ಮೇಲಿನ ಕಾಯಿಯ ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟಿತೋ ಇಲ್ಲವೋ ಅಂತ ನನ್ನ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. "ಒಳಗಿನ ಒಣಕೊಬ್ಬರಿ ಗಿಟುಗಿಟು ಅಂತು, ಅದ್ಕೇ ಗಿಟುಕು ಅಂದ್ರು. ಹೆಸರಿಡೋಕೆ ಐನೋರು ಬರ್ಬೇಕಾಗಿತ್ತಾ?"

ಇವೆಲ್ಲ ನಿಜವೋ ಸುಳ್ಳೋ ನಾನು ಅರಿಯೆ. ಓದಿದವರು ಬೇರೆ ಏನಾದರೂ ಹೇಳಬಹುದು. ನಮ್ಮ ಮನೆಯ ಅರ್ಧ ಮಾತು ಯಾರೋ ಹೆಂಗಸರ ಹೆದರಿಕೆಯಿಂದ ಹುಟ್ಟಿದ್ದು ಅಂತ ಮಾತ್ರ ನನಗೆ ಅನ್ನಿಸುತ್ತಿತ್ತು.

ಹೊರಡುವಾಗ ಹೇಳುವ ಮಾತಿನ ಬಗ್ಗೆ ಅತ್ತೆ ಬಹಳ ಗಟ್ಟಿ. ಹೋಗ್ತೀನಿ ಅಂದರೆ ಮುಗಿಯಿತು. ಅಂಗಳದಾಚೆ ದಾಟಿದ್ದರೂ ವಾಪಸ್ಸು ಕರೆಯುತ್ತಿದ್ದರು. "ಹೋದೋರು ಅಂದ್ರೆ ಸತ್ತೋರು ಕಣವ್ವ. ಬದುಕಿರೋರು ಬತ್ತೀನಿ ಅಂತಾರೆ. ಅನ್ನು." ಅನ್ನುವವರೆಗೂ ಬಿಡುತ್ತಿರಲಿಲ್ಲ. ಬಸ್ಸು ತಪ್ಪಿದರೂ ಸರಿಯೇ.

ಇಪ್ಪತ್ತಾರು ವರ್ಷ ಹೀಗೆ ತಿದ್ದಿಸಿಕೊಂಡರೆ ಯಾರಿಗಾದರೂ ಸಾಕಾಗುತ್ತದೆ. ಅವರಿಗೆ ಲಕ್ವ ಹೊಡೆದ ಹಿಂದಿನ ಸಂಜೆ ನಾನು ಬೇಳೆ ಖಾಲಿ ಅಂದೆ. "ಖಾಲಿ ಅನ್ಬೇಡ, ಹೆಚ್ಚೈತೆ ಅನ್ನು," ಅಂದರು. ನನಗೆ ರೇಗಿತು. "ಹೆಚ್ಚೈತೆ ಅಂದ್ರೆ ಡಬ್ಬಿ ತುಂಬ್ಕೋತದಾ ಅತ್ತೆ? ಹಂಗಾದ್ರೆ ಬೆಳಿಗ್ಗೆಯಿಂದ ಅದನ್ನೇ ಅಂತಾ ಕೂತ್ಕೊಳ್ಳಿ, ನಾನು ಅಂಗಡಿಗೆ ಹೋಗೋದಾದ್ರೂ ತಪ್ಪುತ್ತೆ," ಅಂದುಬಿಟ್ಟೆ. ಅವರು ಎದ್ದು ಹೋದರು.

ಮಾರನೆಯ ಬೆಳಿಗ್ಗೆ ತುರುವೇಕೆರೆಯ ಟೈಲರ್ ಸಾಹೇಬರ ಹತ್ತಿರ ಒಂದು ರವಿಕೆ ತರಬೇಕಿತ್ತು. ಅತ್ತೆ ಜಗುಲಿಯ ಕಂಬಕ್ಕೆ ಒರಗಿ ಹುಣಸೆಹಣ್ಣಿನ ಮೊರ ಮುಂದಿಟ್ಟುಕೊಂಡು ಕೂತಿದ್ದರು. ಇನ್ನೂ ಸಿಟ್ಟಿರಬೇಕು ಅಂದುಕೊಂಡೆ. ಬೇಕೆಂದೇ ಅಂದೆ: "ಹೋಗ್ತೀನಿ ಅತ್ತೆ."

ಅವರು ನನ್ನನ್ನು ನೋಡಿದರು. ಏನೂ ಅನ್ನಲಿಲ್ಲ.

ಗೆದ್ದೆ ಅಂದುಕೊಂಡು ಬಸ್ಸು ಹತ್ತಿದೆ. ದೇವರಾಣೆ, ಹಾಗೇ ಅಂದುಕೊಂಡೆ. ಮಧ್ಯಾಹ್ನ ಬಂದಾಗ ಅತ್ತೆ ಜಗುಲಿಯ ಮೇಲೆ ಉರುಳಿದ್ದರು, ಹುಣಸೆಹಣ್ಣು ಅಂಗಳದ ತುಂಬ ಚೆಲ್ಲಿತ್ತು. ತೋಟದಲ್ಲಿ ನೀರು ಕಟ್ಟುತ್ತಿದ್ದ ಯಜಮಾನರನ್ನು ಕೂಗಿ ಕರೆದೆ. ಆಸ್ಪತ್ರೆಯಲ್ಲಿ ಡಾಕ್ಟರು, "ಶುರುವಾಗಿದ್ದು ಎಷ್ಟು ಹೊತ್ತಿಗೆ? ಬೇಗ ತಂದಿದ್ರೆ ಚೆನ್ನಾಗಿತ್ತು," ಅಂದರು. "ಮಧ್ಯಾಹ್ನ" ಅಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಮನೆಗೆ ಬರುವ ಬಸ್ಸಿನಲ್ಲಿ ಕೂತಾಗ ಬೆಳಿಗ್ಗೆ ಕಂಡಿದ್ದೆಲ್ಲ ಮತ್ತೆ ಕಣ್ಣಿಗೆ ಬಂತು. ಮೊರದ ಮುಂದೆ ಕೂತಿದ್ದ ಅವರ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಹೋಗ್ತೀನಿ ಅಂದರೂ ತಿದ್ದದ ಅತ್ತೆಯನ್ನು ಇಪ್ಪತ್ತಾರು ವರ್ಷದಲ್ಲಿ ನಾನು ಕಂಡಿರಲಿಲ್ಲ. ಅವರದು ಸಿಟ್ಟಲ್ಲ, ಅಷ್ಟು ಹೊತ್ತಿಗಾಗಲೇ ಮಾತು ನಿಂತುಹೋಗಿತ್ತು.

ಇದನ್ನು ಇಪ್ಪತ್ತೆರಡು ದಿನ ಯಾರಿಗೂ ಹೇಳಿರಲಿಲ್ಲ. ದೇವರಿಗೆ ಮಾತ್ರ ಹೇಳಿದ್ದೆ. ದೇವರು ಕಮ್ಮಿ ಮಾಡಿರಲಿಲ್ಲ. ಗಂಜಿ ಗಂಟಲಲ್ಲಿ ಇಳಿಯುತ್ತಿತ್ತು, ನನ್ನ ಗುರುತು ಹಿಡಿಯುತ್ತಿದ್ದರು, ವಿಭೂತಿ ಹಚ್ಚಿದರೆ ಎಡಗೈ ಎತ್ತುತ್ತಿದ್ದರು. ಒಂದೊಂದನ್ನೂ ನೆನೆದು ಕೈ ಮುಗಿದಿದ್ದೇನೆ.

ಮತ್ತೆ ಫೋನು ಬಂತು.

"ಸಿಸ್ಟರ್ ಡ್ಯೂಟಿ ಮುಗಿಸ್ಕೊಂಡು ಹೊರಟಿದ್ಲು ಕಣೇ. ಹೋಗ್ತೀನಿ ಅಜ್ಜಿ ಅಂದ್ಲು. ಅವ್ವ ಸೊಟ್ಟ ಬಾಯಲ್ಲೇ, ಬತ್ತೀನಿ ಅನ್ನು, ಅಂತು. ಆ ಹುಡುಗಿ ಹೆದರ್ಕೊಂಡು ಎರಡು ಸಲ ಅಂದ್ಲು."

"ಆಮೇಲೆ?"

"ಆಮೇಲೇನೂ ಇಲ್ಲ. ಡಾಕ್ಟ್ರು ಹೆಸರು ಕೇಳಿದ್ರು, ಹೇಳ್ಲಿಲ್ಲ. ನನ್ನ ತೋರ್ಸಿ ಯಾರು ಅಂದ್ರು, ಅದೂ ಹೇಳ್ಲಿಲ್ಲ. ಅದೊಂದೇ ಮಾತು."

ನನ್ನ ಬಾಯಿ ತಾನಾಗಿ ತೆರೆಯಿತು. "ರೀ, ಅತ್ತೆಗೆ ಆಗಿದ್ದು ಮಧ್ಯಾಹ್ನ ಅಲ್ಲ ಕಣ್ರೀ. ಬೆಳಿಗ್ಗೆನೇ ಆಗಿತ್ತು. ನಾನು ಹೋಗ್ತೀನಿ ಅಂದೆ, ಅವರು ಸುಮ್ನಿದ್ರು. ನಾನು ಸಿಟ್ಟು ಅಂದ್ಕೊಂಡು ಹೊರಟೋದೆ."

ಆ ಕಡೆ ವಾರ್ಡಿನಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು.

"ಬೆಳಿಗ್ಗೆ ನಾನೂ ಅವ್ವನ ಮುಂದೇನೇ ತೋಟಕ್ಕೆ ಹೋದೆ," ಅಂದರು. "ನಾನು ತಿರುಗಿ ಸೈತ ನೋಡ್ಲಿಲ್ಲ. ಬುಡು. ನಾಲ್ಕು ಗಂಟೆ ಬಸ್ಸಿಗೆ ಬಾ. ಗಂಜಿ ತೆಳ್ಳಗಿರ್ಲಿ, ಗಂಟಿರಬಾರ್ದಂತೆ."

ಸೀಳಿದ ಕಡ್ಡಿಗಳನ್ನು ಒಟ್ಟು ಮಾಡಿ ಗೋಡೆಗೆ ಒರಗಿಸಿದೆ. ಪೊರಕೆಗೆ ಇನ್ನೂ ಅರ್ಧ ಬೇಕು. ಒಳಗೆ ಹೋಗಿ ನೋಡಿದರೆ ರಾಗಿಹಿಟ್ಟಿನ ಡಬ್ಬಿಯ ತಳ ಕಾಣುತ್ತಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಹೆಚ್ಚೈತೆ ಅಂತ ಬಾಯಿಬಿಟ್ಟೇ ಅಂದೆ. ಇದ್ದ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಒಗೆದ ಬಟ್ಟೆಯೊಂದನ್ನು ಪಾತ್ರೆಯ ಬಾಯಿಗೆ ಹಿಡಿದು ಸೋಸತೊಡಗಿದೆ.